ಕೋಲ್ಡ್ ಸ್ಟೋರೇಜಿನ ಕಾರ್ಡ್‌ಲೆಸ್ ಫೋನು, ತಿರಸ್ಕೃತ ಪೇಟೆಂಟು: ಮೇಲ್ಮನವಿ ಹೂಡಬೇಕೇ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಾನೂ ನನ್ನ ಭಾವನೂ ಸಣ್ಣ ಎಲೆಕ್ಟ್ರಾನಿಕ್ಸ್ ಘಟಕ ನಡೆಸುತ್ತೇವೆ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಬಳಸಲು ಒಂದು ಕಾರ್ಡ್‌ಲೆಸ್ ಫೋನ್ ವ್ಯವಸ್ಥೆ ಮಾಡಿದ್ದೇವೆ. ಕರೆ ಇಲ್ಲದಾಗ ಹ್ಯಾಂಡ್‌ಸೆಟ್ಟಿನ ರಿಸೀವರ್ ಮಲಗಿರುತ್ತದೆ, ಎರಡು ಸೆಕೆಂಡಿಗೊಮ್ಮೆ ಎದ್ದು ಬೇಸ್ ಸ್ಟೇಷನ್ ಕರೆಯುತ್ತಿದೆಯೇ ಎಂದು ನೋಡುತ್ತದೆ. ಒಂದು ಚಾರ್ಜಿಗೆ ವಾರ ದಾಟುತ್ತದೆ. ಪೇಟೆಂಟ್ ಕಚೇರಿ ನಮ್ಮ ಅರ್ಜಿಯನ್ನು ತಿರಸ್ಕರಿಸಿದೆ. ಹಳೆಯ ಪೇಜರ್ (ಕಿರುಸಂದೇಶವನ್ನಷ್ಟೇ ಹಿಡಿಯುವ ಜೇಬಿನ ರೇಡಿಯೊ) ದಾಖಲೆ ಮತ್ತು ಕಾರ್ಡ್‌ಲೆಸ್ ಫೋನಿನ ದಾಖಲೆ ಎರಡನ್ನೂ ಸೇರಿಸಿ ಓದಿದರೆ ಇದರಲ್ಲಿ ಆವಿಷ್ಕಾರದ ಹೆಜ್ಜೆಯಿಲ್ಲ, ಮೇಲಾಗಿ ಇದು ಬರೀ ಅಲ್ಗಾರಿದಮ್, ಎಂದು ಆದೇಶದಲ್ಲಿದೆ. ಆದೇಶ ಬಂದು ಐದು ವಾರವಾಯಿತು. ಮೇಲ್ಮನವಿಯಿಂದ ಪ್ರಯೋಜನವಿದೆಯೇ? ಅದನ್ನು ಧಾರವಾಡ ಹೈಕೋರ್ಟ್ ಪೀಠದಲ್ಲೇ ಸಲ್ಲಿಸಬಹುದೇ? ಬ್ಯಾಡಗಿಯಲ್ಲಿ ಈಗ ಮಾಡುತ್ತಿರುವ ಪರೀಕ್ಷೆಗಳ ಅಂಕಿಗಳನ್ನು ಸೇರಿಸಬಹುದೇ? ಸ್ಪೆಸಿಫಿಕೇಶನ್ (ಅರ್ಜಿಯ ಜೊತೆ ಕೊಟ್ಟ ಆವಿಷ್ಕಾರದ ವಿವರಣೆ) ಮತ್ತು ಆದೇಶದ ಪ್ರತಿಗಳನ್ನು ಜೊತೆಗಿಟ್ಟಿದ್ದೇವೆ.

ಉತ್ತರ: ಎರಡೂ ಪ್ರತಿಗಳನ್ನು ಪೂರ್ತಿ ಓದಿದೆ. ಮೇಲ್ಮನವಿ ಹೂಡಿ. ಆದರೆ ನಿಮ್ಮ ಒಂದನೆಯ ಕ್ಲೇಮನ್ನು, ಅಂದರೆ ಇಷ್ಟು ನಮ್ಮದು ಎಂದು ಹಕ್ಕು ಕೇಳುವ ವಾಕ್ಯವನ್ನು, ಈಗಿರುವ ರೂಪದಲ್ಲಿ ಉಳಿಸಿಕೊಳ್ಳಲು ಹೂಡುವುದಾದರೆ ಬೇಡ. ಆ ಕ್ಲೇಮಿನ ಮಟ್ಟಿಗೆ ಕಂಟ್ರೋಲರ್ (ಅರ್ಜಿಯನ್ನು ತೀರ್ಮಾನಿಸುವ ಪೇಟೆಂಟ್ ಕಚೇರಿಯ ಅಧಿಕಾರಿ) ಹೇಳಿದ್ದು ಸರಿಯಾಗಿದೆ. ಅವರು ತಪ್ಪಿದ್ದು ಬೇರೆ ಕಡೆ, ಮತ್ತು ಅಲ್ಲಿಗೆ ಅವರನ್ನು ನೀವೂ ಕರೆದೊಯ್ದಿಲ್ಲ.

ನಿಮ್ಮ ಒಂದನೆಯ ಕ್ಲೇಮಿನ ಸಾರವಿಷ್ಟು: ರಿಸೀವರ್ ಹೆಚ್ಚು ಹೊತ್ತು ಆರಿರುತ್ತದೆ, ಗೊತ್ತಾದ ಅಂತರದಲ್ಲಿ ಎದ್ದು ಕಿವಿಗೊಡುತ್ತದೆ, ತನ್ನ ಸಂಕೇತ ಕೇಳಿಸಿದರೆ ಪೂರ್ತಿ ಎಚ್ಚರಾಗುತ್ತದೆ. ವಾರಕ್ಕೊಮ್ಮೆ ಬರುವ ಅಂಚೆಯವನಿಗಾಗಿ ಏಳೂ ದಿನ ಬಾಗಿಲಲ್ಲಿ ಕೂರಬೇಕಿಲ್ಲ, ಅವನು ಬರುವ ಹೊತ್ತು ಗೊತ್ತಿದ್ದರೆ ಸಾಕು ಎಂಬ ತರ್ಕ ಇದು. ಬ್ಯಾಟರಿಯಿಂದ ನಡೆಯುವ ರೇಡಿಯೊ ಸಾಧನಗಳಲ್ಲಿ ಈ ತರ್ಕ ತೀರಾ ಹಳೆಯದು. 1970ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಪೋಕ್‌ಸ್ಯಾಗ್ ಎಂಬ ಪೇಜರ್ ಪದ್ಧತಿಯನ್ನೇ ನೋಡಿ. ಸಂದೇಶಕ್ಕೆ ಮೊದಲು ಕನಿಷ್ಠ 576 ಬಿಟ್‌ಗಳ ಮುನ್ನುಡಿ ಹೋಗುತ್ತದೆ. ಸೆಕೆಂಡಿಗೆ 512 ಬಿಟ್ ವೇಗದಲ್ಲಿ ಅದು 1.125 ಸೆಕೆಂಡು. ಹಾಗಾಗಿ ಪೇಜರ್ ಸುಮಾರು ಸೆಕೆಂಡಿಗೊಮ್ಮೆ ಕ್ಷಣಕಾಲ ಎದ್ದರೂ ಆ ಮುನ್ನುಡಿ ಅದರ ಕಿವಿಗೆ ಬೀಳುತ್ತದೆ. ಅನಂತರ ಬರುವ ಪ್ರತಿ ಕಂತಿನಲ್ಲಿ ಎಂಟು ಭಾಗಗಳಿರುತ್ತವೆ. ಪೇಜರಿನ ವಿಳಾಸದ ಕೊನೆಯ ಮೂರು ಬಿಟ್‌ಗಳು ಅದರ ಭಾಗ ಯಾವುದೆಂದು ಹೇಳುತ್ತವೆ, ಉಳಿದ ಏಳರ ಹೊತ್ತಿಗೆ ಅದು ಮಲಗಬಹುದು. ನಿಮ್ಮ ಕ್ಲೇಮಿನಲ್ಲಿ ಹೇಳಿದ್ದೆಲ್ಲ ಈ ವ್ಯವಸ್ಥೆಯಲ್ಲಿ ಇದೆ.

ನಿಮ್ಮ ಜೇಬಿನ ಮೊಬೈಲ್ ಕೂಡ ಇದನ್ನೇ ಮಾಡುತ್ತದೆ. ಜಿಎಸ್‌ಎಂ ಎಂಬ ಎರಡನೆಯ ತಲೆಮಾರಿನ ಜಾಲದ ಫೋನು ಸುಮಾರು 235 ಮಿಲಿಸೆಕೆಂಡಿನ ಚಕ್ರಗಳನ್ನು ಎಣಿಸುತ್ತ, ಜಾಲ ಹೇಳಿದಂತೆ ಎರಡರಿಂದ ಒಂಬತ್ತು ಚಕ್ರಗಳಿಗೊಮ್ಮೆ ತನ್ನ ಸರದಿ ನೋಡುತ್ತದೆ, ಅಂದರೆ ಅರ್ಧ ಸೆಕೆಂಡಿನಿಂದ ಎರಡು ಸೆಕೆಂಡಿನವರೆಗಿನ ಅಂತರ. ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಈ ಅಂತರ 0.32, 0.64, 1.28 ಅಥವಾ 2.56 ಸೆಕೆಂಡು. ನಿಮ್ಮ ಎರಡು ಸೆಕೆಂಡು ಇವುಗಳ ನಡುವೆಯೇ ಬೀಳುತ್ತದೆ. ಅಂತರವನ್ನು ಹಿಗ್ಗಿಸಿದ್ದೇ ಹೊಸತು ಎಂದು ಹಿಯರಿಂಗ್‌ನಲ್ಲಿ ನೀವು ವಾದಿಸಿದ್ದು ಆದೇಶದಲ್ಲಿ ದಾಖಲಾಗಿದೆ. ಆ ವಾದವನ್ನು ಹೈಕೋರ್ಟಿನಲ್ಲಿ ಮತ್ತೆ ಎತ್ತಬೇಡಿ.

'ವಾರ ದಾಟುವ ಬ್ಯಾಟರಿ' ಎಂಬ ವಾದವೂ ನಿಮ್ಮನ್ನು ಗೆಲ್ಲಿಸುವುದಿಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿನ ಅಂಕಿಗಳು ವಿವರಣೆಗಾಗಿ ನಾನು ಇಟ್ಟುಕೊಂಡವು, ನಿಮ್ಮ ಸಾಧನದವಲ್ಲ. ಎಚ್ಚರವಿದ್ದಾಗ 50 ಮಿಲಿಆಂಪಿಯರ್ ಎಳೆಯುವ ರಿಸೀವರ್ 1.28 ಸೆಕೆಂಡಿಗೊಮ್ಮೆ 20 ಮಿಲಿಸೆಕೆಂಡು ಏಳುತ್ತದೆ, ಮಲಗಿದಾಗ ಇಡೀ ಹ್ಯಾಂಡ್‌ಸೆಟ್ಟು 1 ಮಿಲಿಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ಸರಾಸರಿ ಸುಮಾರು 1.77 ಮಿಲಿಆಂಪಿಯರ್. 800 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಸುಮಾರು 19 ದಿನ ಬರುತ್ತದೆ. ಅಂತರವನ್ನು ಇಮ್ಮಡಿ ಮಾಡಿದರೆ 24 ದಿನ. ಅಂತರವನ್ನು ಮುಟ್ಟದೆ ಮಲಗಿದಾಗಿನ ಕರೆಂಟನ್ನು 0.2ಕ್ಕೆ ಇಳಿಸಿದರೆ 34 ದಿನ. ಒಳ್ಳೆಯ ಚಿಪ್ ಕೊಂಡರೆ ಆವಿಷ್ಕಾರವಿಲ್ಲದೆಯೂ ಬ್ಯಾಟರಿ ಬಾಳುತ್ತದೆ ಎಂದಾಯಿತು. ಎದುರಿನವರು ಇದನ್ನೇ ಹೇಳುತ್ತಾರೆ. ಬ್ಯಾಟರಿ ಬಾಳಿದ್ದು ಫಲ, ಪೇಟೆಂಟ್ ಸಿಗುವುದು ಆ ಫಲ ತಂದ ಉಪಾಯಕ್ಕೆ, ಅದೂ ಆ ಕ್ಷೇತ್ರದ ಕೆಲಸ ಬಲ್ಲವರಿಗೆ ಆ ಉಪಾಯ ಸುಲಭವಾಗಿ ಹೊಳೆಯದಿದ್ದರೆ.

ಈಗ ನಿಮ್ಮ ಸ್ಪೆಸಿಫಿಕೇಶನ್ನಿನ ಕೊನೆಯ ಪುಟಗಳಿಗೆ ಬರುತ್ತೇನೆ. 'ಇತರ ರೂಪಗಳು' ಎಂಬ ತಲೆಬರಹದ ಕೆಳಗೆ, ಬರೆಯುವವರು ದಣಿದ ಮೇಲೆ ಸೇರಿಸಿದಂತಿರುವ ಒಂದು ಪ್ಯಾರಾ ಇದೆ. ಹ್ಯಾಂಡ್‌ಸೆಟ್ಟಿನ ಗಡಿಯಾರ ನಡೆಸುವ ಕ್ರಿಸ್ಟಲ್ ಪಕ್ಕದಲ್ಲಿ ತಾಪಮಾನ ಸೆನ್ಸರ್ ಇಡಬಹುದು, ಬೇಸಿನ ಸಂಕೇತ ತಪ್ಪಿದಷ್ಟು ಹೊತ್ತೂ ರಿಸೀವರ್ ಏಳುವ ಅವಧಿಯನ್ನು ತಾಪಮಾನಕ್ಕೆ ತಕ್ಕಂತೆ ಹಿಗ್ಗಿಸಬಹುದು, ಹ್ಯಾಂಡ್‌ಸೆಟ್ಟು ತಾನು ಕೊನೆಯದಾಗಿ ಕಳಿಸಿದ ತಾಪಮಾನದ ಆಧಾರದ ಮೇಲೆ ಬೇಸ್ ಸ್ಟೇಷನ್ ಆ ಒಂದು ಹ್ಯಾಂಡ್‌ಸೆಟ್ಟಿಗೆ ಮಾತ್ರ ಎಬ್ಬಿಸುವ ಸಂಕೇತವನ್ನು ಉದ್ದ ಮಾಡಬಹುದು ಎಂದು ಅಲ್ಲಿದೆ. ಇದು ಯಾವ ಕ್ಲೇಮಿನಲ್ಲೂ ಇಲ್ಲ. ಹಿಯರಿಂಗ್‌ನಲ್ಲಿ ಇದರ ಸುದ್ದಿಯೇ ಬಂದಿಲ್ಲ. ನನ್ನ ಮಟ್ಟಿಗೆ ನಿಮ್ಮ ಆವಿಷ್ಕಾರ ಇರುವುದೇ ಇಲ್ಲಿ.

ಏಕೆಂದು ಹೇಳುತ್ತೇನೆ. ಮಲಗಿದ ಹ್ಯಾಂಡ್‌ಸೆಟ್ಟಿಗೆ ಹೊತ್ತು ತೋರಿಸುವುದು 32.768 ಕಿಲೊಹರ್ಟ್ಸ್‌ನ ಪುಟ್ಟ ಕ್ರಿಸ್ಟಲ್, ಕೈಗಡಿಯಾರದಲ್ಲಿ ಇರುವಂಥದೇ. ಅದನ್ನು 25 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಸರಿ ನಡೆಯುವಂತೆ ಕತ್ತರಿಸಿರುತ್ತಾರೆ. ಅಲ್ಲಿಂದ ಮೇಲೆ ಹೋದರೂ ಕೆಳಗೆ ಹೋದರೂ ಅದು ನಿಧಾನವಾಗುತ್ತದೆ, ವ್ಯತ್ಯಾಸದ ವರ್ಗಕ್ಕೆ ಅನುಗುಣವಾಗಿ. ಸಾಮಾನ್ಯ ಗುಣಾಂಕ ದಶಲಕ್ಷಕ್ಕೆ 0.034 ಆಸುಪಾಸು. ಕೋಲ್ಡ್ ಸ್ಟೋರೇಜಿನ ಒಳಗೆ 5 ಡಿಗ್ರಿ ಎಂದಿಟ್ಟುಕೊಂಡರೆ ವ್ಯತ್ಯಾಸ 20, ವರ್ಗ 400, ಅಂದರೆ ದಶಲಕ್ಷಕ್ಕೆ 13.6ರಷ್ಟು ಹಿಂದೆ. ದಿನಕ್ಕೆ ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಏಪ್ರಿಲ್ ಬಿಸಿಲಿನಲ್ಲಿ 40 ಡಿಗ್ರಿಯ ಅಂಗಳಕ್ಕೆ ಬಂದರೆ ಸುಮಾರು 7.7. ಬೇಸ್ ಸ್ಟೇಷನ್ ಮಾತ್ರ ಕಚೇರಿಯ ನೆರಳಿನಲ್ಲಿ ಹೆಚ್ಚುಕಡಿಮೆ ಸರಿಯಾಗಿ ನಡೆಯುತ್ತಿರುತ್ತದೆ.

ಇಷ್ಟು ಕೇಳಿ ಹಿಗ್ಗಬೇಡಿ. ನಿಮ್ಮ ಎರಡು ಸೆಕೆಂಡಿನ ನಿದ್ದೆಯಲ್ಲಿ ಈ ತಪ್ಪು ಬರೀ 27 ಮೈಕ್ರೊಸೆಕೆಂಡು. ಪ್ರತಿ ಸಲ ಎದ್ದಾಗಲೂ ಬೇಸಿನ ಸಂಕೇತ ಕೇಳಿಸಿ ಗಡಿಯಾರ ಸರಿಹೋಗುತ್ತಿದ್ದರೆ ಇದು ಲೆಕ್ಕಕ್ಕೇ ಇಲ್ಲ. ತಂಪಿನಲ್ಲಿ ಕ್ರಿಸ್ಟಲ್ ತಪ್ಪುತ್ತದೆ, ನಾವು ಸರಿಪಡಿಸಿದೆವು ಎಂದಷ್ಟೇ ವಾದಿಸಿದರೆ ಒಬ್ಬ ಒಳ್ಳೆಯ ಎಂಜಿನಿಯರು ಈ ಒಂದು ಗುಣಾಕಾರದಿಂದ ನಿಮ್ಮನ್ನು ಕೆಡವುತ್ತಾನೆ. ತಾಪಮಾನ ನೋಡಿ ಕ್ರಿಸ್ಟಲ್ಲನ್ನು ತಿದ್ದುವುದೂ ದಶಕಗಳ ಹಳೆಯ ವಿದ್ಯೆ.

ನಿಮ್ಮ ಸಂದರ್ಭದ ವಿಶೇಷ ಕಟ್ಟಡದ ಗೋಡೆಯಲ್ಲಿದೆ. ಈಚಿನ ಕೋಲ್ಡ್ ಸ್ಟೋರೇಜ್‌ಗಳ ಪಫ್ ಪ್ಯಾನಲ್‌ಗಳಿಗೆ, ಅಂದರೆ ತಂಪು ಹೊರಹೋಗದಂತೆ ಫೋಮ್ ತುಂಬಿದ ಗೋಡೆಯ ಹಲಗೆಗಳಿಗೆ, ಎರಡೂ ಬದಿಯಲ್ಲಿ ಲೋಹದ ತಗಡು ಇರುತ್ತದೆ. ಬಾಗಿಲು ಮುಚ್ಚಿತೆಂದರೆ ರೇಡಿಯೊ ಸಂಕೇತ ಸೊರಗುತ್ತದೆ. ಹಮಾಲರ ಮೇಸ್ತ್ರಿ ಹತ್ತು ನಿಮಿಷ ಒಳಗಿದ್ದ ಎನ್ನಿ. ಅಷ್ಟೂ ಹೊತ್ತು ಹ್ಯಾಂಡ್‌ಸೆಟ್ಟಿಗೆ ಬೇಸಿನ ಸಂಕೇತ ಸಿಗದಿದ್ದರೆ ತಪ್ಪು ಕೂಡುತ್ತ ಹೋಗಿ 8 ಮಿಲಿಸೆಕೆಂಡು ದಾಟುತ್ತದೆ. ಏಳುವ ಅವಧಿ 5 ಮಿಲಿಸೆಕೆಂಡು ಮಾತ್ರ ಇದ್ದರೆ, ಬಾಗಿಲು ತೆರೆದು ಸಂಕೇತ ಮರಳಿದ ಮೇಲೂ ಹ್ಯಾಂಡ್‌ಸೆಟ್ಟು ತಪ್ಪು ಗಳಿಗೆಯಲ್ಲೇ ಏಳುತ್ತದೆ. ಬೇಸ್ ಕರೆಯುತ್ತದೆ, ಇದಕ್ಕೆ ಕೇಳಿಸುವುದಿಲ್ಲ. ಕೊನೆಗೆ ಅದು ರಿಸೀವರನ್ನು ಪೂರ್ತಿ ತೆರೆದು ಬೇಸನ್ನು ಹೊಸದಾಗಿ ಹುಡುಕಬೇಕು, ಉಳಿಸಿದ ಬ್ಯಾಟರಿ ಆ ಹುಡುಕಾಟಕ್ಕೇ ಹೋಗುತ್ತದೆ. ದಿನಕ್ಕೆ ಹತ್ತಾರು ಸಲ ಒಳಹೊರಗೆ ಓಡಾಡುವವನ ಫೋನಿಗೆ ಇದು ಸಣ್ಣ ತೊಂದರೆಯಲ್ಲ.

ಆದ್ದರಿಂದ ನೀವು ಬಿಡಿಸಿದ ಸಮಸ್ಯೆ ಸ್ಟ್ಯಾಂಡ್‌ಬೈನಲ್ಲಿ ವಿದ್ಯುತ್ ಉಳಿಸುವುದಲ್ಲ. ತಾಪಮಾನ ಬದಲಾಗುವ, ಸಂಕೇತ ಆಗಾಗ ಕಡಿಯುವ ಜಾಗದಲ್ಲಿ, ಹೊಸ ಹುಡುಕಾಟದ ಖರ್ಚಿಲ್ಲದೆ, ಮಲಗಿದ ರಿಸೀವರಿಗೆ ಕರೆ ತಪ್ಪದಂತೆ ನೋಡಿಕೊಳ್ಳುವುದು. ಬಿಡಿಸಿದ ರೀತಿಯೂ ಗಡಿಯಾರ ತಿದ್ದುವುದಲ್ಲ. ತಪ್ಪು ಎಷ್ಟಿರಬಹುದೆಂದು ಎರಡೂ ತುದಿಗಳು ಅಂದಾಜಿಸಿ, ಒಂದು ತುದಿ ಕೇಳುವ ಅವಧಿಯನ್ನೂ ಇನ್ನೊಂದು ತುದಿ ಕರೆಯುವ ಅವಧಿಯನ್ನೂ ಆ ಒಂದು ಹ್ಯಾಂಡ್‌ಸೆಟ್ಟಿನ ಮಟ್ಟಿಗೆ ಬದಲಿಸುವುದು. ಆದೇಶದಲ್ಲಿರುವ ಸಾರಾಂಶದ ಪ್ರಕಾರ ಪೇಜರ್ ದಾಖಲೆಯಲ್ಲಿ ಹಿಮ್ಮಾರ್ಗವೇ ಇಲ್ಲ, ಪೇಜರು ಬರೀ ಕೇಳುತ್ತದೆ, ತನ್ನ ತಾಪಮಾನವನ್ನು ಯಾರಿಗೂ ಹೇಳಲಾರದು. ಕಾರ್ಡ್‌ಲೆಸ್ ದಾಖಲೆಯಲ್ಲಿ ಎರಡು ಮಾರ್ಗವಿದೆ, ಆದರೆ ಎಲ್ಲ ಹ್ಯಾಂಡ್‌ಸೆಟ್ಟುಗಳಿಗೂ ಒಂದೇ ಉದ್ದದ ಸಂಕೇತ. ಎರಡನ್ನೂ ಕೂಡಿಸಿದರೂ ನಿಮ್ಮ ಪ್ಯಾರಾ ಹುಟ್ಟುವುದಿಲ್ಲ.

ಯುರೋಪಿನ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಗಳು ಹೀಗೆ ಸಮಸ್ಯೆಯಿಂದ ಹೊರಟು ಆವಿಷ್ಕಾರವನ್ನು ಅಳೆಯುವುದನ್ನು ಒಂದು ಶಿಸ್ತಾಗಿಯೇ ಬೆಳೆಸಿವೆ. ಅತಿ ಹತ್ತಿರದ ಹಳೆಯ ದಾಖಲೆಯನ್ನು ಹಿಡಿಯುತ್ತಾರೆ, ಅದಕ್ಕೂ ಕ್ಲೇಮಿಗೂ ಇರುವ ವ್ಯತ್ಯಾಸ ಗುರುತಿಸುತ್ತಾರೆ, ಆ ವ್ಯತ್ಯಾಸದಿಂದ ಬರುವ ಪರಿಣಾಮದ ಮೇಲೆ ಸಮಸ್ಯೆಯನ್ನು ನಿರೂಪಿಸುತ್ತಾರೆ. ಆಮೇಲೆ ಕೇಳುವ ಪ್ರಶ್ನೆ, ಬಲ್ಲವನು ಹೀಗೆ ಮಾಡಬಹುದಾಗಿತ್ತೇ ಎಂದಲ್ಲ, ಆ ಸಮಸ್ಯೆ ಎದುರಿದ್ದಾಗ ಹೀಗೆ ಮಾಡುತ್ತಿದ್ದನೇ ಎಂದು. ನಮ್ಮ ಕಾಯಿದೆಯಲ್ಲಿ ಈ ಹೆಜ್ಜೆಗಳನ್ನು ಬರೆದಿಲ್ಲ. 1970ರ ಪೇಟೆಂಟ್ ಕಾಯಿದೆಯ 2(1)(ಜೆಎ) ಕಲಮು ಆವಿಷ್ಕಾರದ ಹೆಜ್ಜೆಗೆ ಕೇಳುವುದು ಹಿಂದಿನ ಜ್ಞಾನಕ್ಕೆ ಹೋಲಿಸಿದರೆ ತಾಂತ್ರಿಕ ಮುನ್ನಡೆ ಅಥವಾ ಆರ್ಥಿಕ ಮಹತ್ವ, ಜೊತೆಗೆ ಬಲ್ಲವನಿಗೆ ಸ್ವಯಂವೇದ್ಯವಲ್ಲದಿರುವುದು, ಅಂದರೆ ತಾನಾಗಿ ಹೊಳೆಯದಿರುವುದು. ಆದರೂ ವಾದವನ್ನು ಆ ಶಿಸ್ತಿನಲ್ಲಿ ಜೋಡಿಸಿದರೆ ನ್ಯಾಯಾಧೀಶರಿಗೆ ಹಿಡಿಯಲು ಸುಲಭ.

ಈ ಪ್ಯಾರಾವನ್ನು ಈಗ ಕ್ಲೇಮಿಗೆ ತರಲು ಬರುತ್ತದೆಯೇ? ಬರುತ್ತದೆ. 59ನೆಯ ಕಲಮು ತಿದ್ದುಪಡಿಗೆ ಎರಡು ಬೇಲಿ ಹಾಕಿದೆ. ಮೂಲ ಸ್ಪೆಸಿಫಿಕೇಶನ್ನಿನಲ್ಲಿ ಸಾರರೂಪದಲ್ಲಾದರೂ ಇಲ್ಲದ್ದನ್ನು ತರಕೂಡದು, ತಿದ್ದಿದ ಕ್ಲೇಮು ಹಿಂದಿನ ಕ್ಲೇಮಿನ ವ್ಯಾಪ್ತಿಯೊಳಗೇ ಇರಬೇಕು. ಒಂದನೆಯ ಕ್ಲೇಮಿಗೆ ತಾಪಮಾನದ ಅಂಶ, ಬೇಸಿಗೆ ಅದನ್ನು ತಿಳಿಸುವ ಅಂಶ, ಸಂಕೇತದ ಉದ್ದ ಬದಲಿಸುವ ಅಂಶ ಮೂರನ್ನೂ ಸೇರಿಸಿದರೆ ಕ್ಲೇಮು ಕಿರಿದಾಗುತ್ತದೆ, ಬೇಲಿ ದಾಟುವುದಿಲ್ಲ. ಪೇಟೆಂಟ್ ಸಿಗುವ ಮುನ್ನಿನ ಇಂಥ ಕಿರಿದಾಗಿಸುವ ತಿದ್ದುಪಡಿಗಳನ್ನು ಉದಾರವಾಗಿ ನೋಡಬೇಕೆಂದು ದೆಹಲಿ ಹೈಕೋರ್ಟ್ 2022ರಲ್ಲಿ ನಿಪ್ಪಾನ್ ಎ ಅಂಡ್ ಎಲ್ ಪ್ರಕರಣದಲ್ಲಿ ಹೇಳಿದೆ. ಆ ದಣಿದ ಪ್ಯಾರಾ ಇಲ್ಲದಿದ್ದರೆ ಮೇಲ್ಮನವಿಯ ಖರ್ಚು ಉಳಿಸಿಕೊಳ್ಳಿ ಎಂದು ಎರಡು ಸಾಲಿನಲ್ಲಿ ಬರೆದು ಮುಗಿಸುತ್ತಿದ್ದೆ.

ಅಲ್ಗಾರಿದಮ್ ಎಂಬ ಎರಡನೆಯ ಆಕ್ಷೇಪದ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. 3(ಕೆ) ಕಲಮು ಗಣಿತ ವಿಧಾನ, ವ್ಯಾಪಾರ ವಿಧಾನ, ಬರಿಯ ಕಂಪ್ಯೂಟರ್ ಪ್ರೋಗ್ರಾಂ ಮತ್ತು ಅಲ್ಗಾರಿದಮ್‌ಗಳನ್ನು ಹೊರಗಿಡುತ್ತದೆ. ಆದರೆ ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆ ಇರುವ ಆವಿಷ್ಕಾರ, ಪ್ರೋಗ್ರಾಂ ಆಧಾರಿತ ಎಂಬ ಒಂದೇ ಕಾರಣಕ್ಕೆ ಹೊರಗೆ ಬೀಳುವುದಿಲ್ಲ ಎಂದು ದೆಹಲಿ ಹೈಕೋರ್ಟ್ 2019ರ ಫರೀದ್ ಅಲಾನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಿಮ್ಮಲ್ಲಿ ಸೆನ್ಸರ್ ಇದೆ, ರಿಸೀವರಿಗೆ ವಿದ್ಯುತ್ ಕೊಡುವ ಸ್ವಿಚ್ ಇದೆ, ಗಾಳಿಯಲ್ಲಿ ಹೋಗುವ ಸಂಕೇತದ ಉದ್ದವೇ ಬದಲಾಗುತ್ತದೆ. ಕ್ಲೇಮಿನಲ್ಲಿ ಈ ಭಾಗಗಳನ್ನು ಹೆಸರಿಸಿ ಬರೆಸಿ. ಈಗಿನ ಕ್ಲೇಮು 'ಒಂದು ವಿಧಾನ, ಅದರಲ್ಲಿ ಅಂತರವನ್ನು ಲೆಕ್ಕ ಹಾಕಲಾಗುತ್ತದೆ' ಎಂದು ಶುರುವಾಗುತ್ತದೆ. ಹಾಗೆ ಬರೆದರೆ ಆಕ್ಷೇಪವನ್ನು ಕೈಬೀಸಿ ಕರೆದಂತೆ.

ಆದೇಶದಲ್ಲಿ ಇನ್ನೊಂದು ದೋಷವಿದೆ. ಎರಡು ದಾಖಲೆಗಳ ಸಾರಾಂಶ ಕೊಟ್ಟು, 'ಆದ್ದರಿಂದ ಬಲ್ಲವರಿಗೆ ಸ್ವಯಂವೇದ್ಯ' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಹಿಂದಿನ ಜ್ಞಾನ ಯಾವುದು, ಅರ್ಜಿಯ ಆವಿಷ್ಕಾರ ಯಾವುದು, ಒಂದರಿಂದ ಇನ್ನೊಂದಕ್ಕೆ ಬಲ್ಲವನು ಹೇಗೆ ಬರುತ್ತಾನೆ ಎಂಬ ಮೂರನ್ನೂ ಕಂಟ್ರೋಲರ್ ಚರ್ಚಿಸಲೇಬೇಕು ಎಂದು 2022ರ ಅಗ್ರಿಬೋರ್ಡ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಹೇಳಿದೆ. ನಿಮ್ಮ ರಾತ್ರಿ ಹೊತ್ತಿನ ಅಂತರದ ನಾಲ್ಕನೆಯ ಕ್ಲೇಮಿನ ಬಗ್ಗೆಯಂತೂ ಆದೇಶದಲ್ಲಿ ಒಂದಕ್ಷರವೂ ಇಲ್ಲ. ದೆಹಲಿಯ ಈ ತೀರ್ಪುಗಳು ಬೇರೆ ಹೈಕೋರ್ಟನ್ನು ಕಟ್ಟಿಹಾಕುವುದಿಲ್ಲ, ಆದರೆ ಮನವೊಲಿಸುವ ತೂಕ ಅವಕ್ಕಿದೆ. ಈ ದೋಷವೊಂದನ್ನೇ ನೆಚ್ಚಿಕೊಂಡರೆ ಸಿಗುವುದು ಆದೇಶದ ರದ್ದು ಮತ್ತು ಮರುವಿಚಾರಣೆ, ಸಾಮಾನ್ಯವಾಗಿ ಬೇರೊಬ್ಬ ಅಧಿಕಾರಿಯ ಮುಂದೆ. ಹಳೆಯ ಕ್ಲೇಮುಗಳೊಂದಿಗೇ ಅಲ್ಲಿಗೆ ಮರಳಿದರೆ ಈ ಸಲ ನಾಲ್ಕು ಪುಟಗಳ ಕಾರಣ ಬರೆದು ತಿರಸ್ಕರಿಸುತ್ತಾರೆ. ಮೇಲ್ಮನವಿಯ ಜೊತೆಗೇ ತಿದ್ದಿದ ಕ್ಲೇಮುಗಳನ್ನು ಇಟ್ಟು, ಅವುಗಳ ಮೇಲೆ ವಿಚಾರಣೆ ನಡೆಯಲಿ ಎಂದು ಕೇಳಿಕೊಳ್ಳಿ.

ಧಾರವಾಡದ ಪ್ರಶ್ನೆ. 2008ರಲ್ಲಿ ಸಂಚಾರಿ ಪೀಠ, 2013ರಲ್ಲಿ ಕಾಯಂ ಪೀಠ ಪಡೆದ ಊರಿನ ವಕೀಲರಿಗೆ ನನ್ನ ಉತ್ತರ ಹಿಡಿಸಲಿಕ್ಕಿಲ್ಲ. ಕಂಟ್ರೋಲರ್ ಆದೇಶದ ವಿರುದ್ಧದ 117ಎ ಕಲಮಿನ ಮೇಲ್ಮನವಿಗಳು ಮೊದಲು ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಗೆ ಹೋಗುತ್ತಿದ್ದವು. 2021ರ ಏಪ್ರಿಲ್‌ನಲ್ಲಿ ಆ ಮಂಡಳಿ ರದ್ದಾಗಿ ಅಧಿಕಾರ ಹೈಕೋರ್ಟುಗಳಿಗೆ ಬಂತು. ಯಾವ ಹೈಕೋರ್ಟು? ಅರ್ಜಿ ಯಾವ ಪೇಟೆಂಟ್ ಕಚೇರಿಗೆ ಸೇರಿದ್ದೋ ಆ ಕಚೇರಿ ಇರುವ ಊರಿನದು, ಎಂದು 2022ರಲ್ಲಿ ಡಾ. ರೆಡ್ಡೀಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ವಿವರಿಸಿದೆ. ದೇಶದಲ್ಲಿ ಪೇಟೆಂಟ್ ಕಚೇರಿ ಇರುವುದು ಕೋಲ್ಕತ್ತ, ದೆಹಲಿ, ಮುಂಬೈ, ಚೆನ್ನೈಗಳಲ್ಲಿ. ಕರ್ನಾಟಕ ಚೆನ್ನೈಗೆ ಸೇರಿದೆ. ಹಾಗಾಗಿ ನಿಮ್ಮ ಮೇಲ್ಮನವಿ ಮದ್ರಾಸ್ ಹೈಕೋರ್ಟಿಗೆ, ಅಲ್ಲಿನ ಬೌದ್ಧಿಕ ಆಸ್ತಿ ವಿಭಾಗಕ್ಕೆ. ನಿಮ್ಮ ಹಿಯರಿಂಗ್ ನಡೆಸಿದ ಅಧಿಕಾರಿ ವಿಡಿಯೊದಲ್ಲಿ ಬೇರೆ ಊರಿನಿಂದ ಕೂತಿದ್ದರೂ ಇದು ಬದಲಾಗುವುದಿಲ್ಲ. ಹುಬ್ಬಳ್ಳಿಯ ಆವಿಷ್ಕಾರ ಬ್ಯಾಡಗಿಯ ಗೋದಾಮಿನಲ್ಲಿ ಓಡುತ್ತಿರುವಾಗ ಚೆನ್ನೈಗೆ ಹೋಗಬೇಕೆಂಬುದು ನನಗೂ ಸರಿ ಕಾಣುವುದಿಲ್ಲ, ಆದರೆ ತಪ್ಪು ನ್ಯಾಯಾಲಯದಲ್ಲಿ ಸಲ್ಲಿಸಿ ಅವಧಿ ಕಳೆದುಕೊಳ್ಳುವುದು ಅದಕ್ಕಿಂತ ದುಬಾರಿ. ಧಾರವಾಡ ಪೀಠದ ಸರದಿ ಬರಬಹುದಾದದ್ದು ಪೇಟೆಂಟ್ ಸಿಕ್ಕ ಮೇಲೆ. ಇಲ್ಲಿ ಯಾರಾದರೂ ನಕಲು ಮಾಡಿದರೆ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ನ್ಯಾಯಾಲಯದಲ್ಲಿ ಹೂಡುವಂತಿಲ್ಲ, ಪ್ರತಿವಾದಿ ನಿಮ್ಮ ಪೇಟೆಂಟನ್ನೇ ರದ್ದು ಮಾಡಿ ಎಂದು ಪ್ರತಿದಾವೆ ಹಾಕಿದರೆ ಪ್ರಕರಣ ಹೈಕೋರ್ಟಿಗೆ ವರ್ಗವಾಗುತ್ತದೆ.

ಅವಧಿ ಆದೇಶದ ದಿನಾಂಕದಿಂದ ಮೂರು ತಿಂಗಳು. ನ್ಯಾಯಾಲಯ ವಿಳಂಬ ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಐದು ವಾರ ಆಗಲೇ ಹೋಗಿದೆ. ಇದುವರೆಗೆ ನಿಮ್ಮ ಕೆಲಸ ನೋಡಿದ ಪೇಟೆಂಟ್ ಏಜೆಂಟರು ಕಂಟ್ರೋಲರ್ ಮುಂದೆ ವಾದಿಸಬಲ್ಲರು, ಹೈಕೋರ್ಟಿಗೆ ವಕೀಲರೇ ಬೇಕು. ರೇಡಿಯೊ ಗೊತ್ತಿರುವ ವಕೀಲರು ಸಿಗದಿದ್ದರೆ ಮೇಲಿನ ಲೆಕ್ಕಗಳನ್ನು ನೀವೇ ಒಂದು ಹಾಳೆಯಲ್ಲಿ ನಿಮ್ಮ ನಿಜವಾದ ಅಂಕಿಗಳೊಂದಿಗೆ ಬರೆದುಕೊಡಿ. ಆದೇಶದ ಮರುಪರಿಶೀಲನೆಗೆ ಕಂಟ್ರೋಲರ್ ಬಳಿಯೇ ಹೋಗುವ ದಾರಿಯೂ ಇದೆ, ಆದರೆ ಅದು ಮೇಲ್ನೋಟಕ್ಕೇ ಕಾಣುವ ತಪ್ಪುಗಳಿಗೆ. ನಿಮಗೆ ಅದು ಬೇಡ.

ಇನ್ನು ಬ್ಯಾಡಗಿಯ ಪರೀಕ್ಷೆಗಳು. ಅಫಿಡವಿಟ್ ರೂಪದಲ್ಲಿ ಅವನ್ನು ಮುಂದಿಡಬಹುದು, ಸ್ಪೆಸಿಫಿಕೇಶನ್ನಿನಲ್ಲಿ ಹೇಳಿದ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆಂದು ತೋರಿಸುವಷ್ಟಕ್ಕೆ. ಸ್ಪೆಸಿಫಿಕೇಶನ್ನಿನಲ್ಲಿ ಇಲ್ಲದ ಉಪಾಯವನ್ನು ಅವು ತುಂಬಿಕೊಡಲಾರವು. ಹಾಗಾಗಿ ಬ್ಯಾಟರಿ ಎಷ್ಟು ದಿನ ಬಂತೆಂಬುದನ್ನು ಅಳೆಯುವುದನ್ನು ಸದ್ಯ ನಿಲ್ಲಿಸಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಬೇರೆ ಬೇರೆ ಹೊತ್ತು ಇಟ್ಟು ಹೊರತಂದ ಹ್ಯಾಂಡ್‌ಸೆಟ್ಟುಗಳಲ್ಲಿ ಮೊದಲ ಕರೆ ಎಷ್ಟಕ್ಕೆ ಸಿಕ್ಕಿತು, ತಾಪಮಾನದ ಉಪಾಯ ಇದ್ದಾಗ ಎಷ್ಟು, ಇಲ್ಲದಾಗ ಎಷ್ಟು ಎಂಬುದನ್ನು ದಾಖಲಿಸಿ.

ನಿಮ್ಮ ಪತ್ರದ ಕೊನೆಯಲ್ಲಿ, ಈಗಿನ ಮಾದರಿಯಲ್ಲಿ ಬಾಗಿಲಿನ ಸ್ವಿಚ್ಚಿನಿಂದಲೇ ಬೇಸಿಗೆ ಸುಳಿವು ಕೊಡುವ ಏರ್ಪಾಟು ಮಾಡಿದ್ದೇವೆ ಎಂದಿದ್ದೀರಿ. ಅದು ಹಳೆಯ ಅರ್ಜಿಯಲ್ಲಿ ಎಲ್ಲೂ ಇಲ್ಲ, ಅದನ್ನು ಈ ಮೇಲ್ಮನವಿಗೆ ತುರುಕಬೇಡಿ. ಹೊಸ ಅರ್ಜಿ ಹಾಕಿ. ನಿಮ್ಮ ಹಳೆಯ ಅರ್ಜಿ ಪ್ರಕಟವಾಗಿರುವುದರಿಂದ ಹೊಸ ಅರ್ಜಿಯ ಎದುರು ಅದೇ ಮೊದಲ ಹಳೆಯ ದಾಖಲೆಯಾಗಿ ನಿಲ್ಲುತ್ತದೆ, ಬಾಗಿಲಿನ ಸುಳಿವು ಅದಕ್ಕಿಂತ ಏನು ಹೆಚ್ಚು ಮಾಡುತ್ತದೆಂದು ಅಲ್ಲಿ ಬಿಡಿಸಿ ಬರೆಯಬೇಕು. ಆ ಅರ್ಜಿ ದಾಖಲಾಗುವವರೆಗೆ ಹೊಸ ಮಾದರಿಯನ್ನು ಯಾವ ಗೋದಾಮಿನ ಮಾಲೀಕರಿಗೂ ಮಾರಬೇಡಿ, ಪ್ರದರ್ಶನಕ್ಕೂ ಇಡಬೇಡಿ. ಪರೀಕ್ಷೆಗೆಂದು ಆಗಲೇ ಕೊಟ್ಟಿದ್ದರೆ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿದ್ದೀರಾ ಎಂಬುದನ್ನು ವಕೀಲರಿಗೆ ಮೊದಲ ಭೇಟಿಯಲ್ಲೇ ತಿಳಿಸಿ.